ರಮಾಬಾಯಾರ ಮಡಿ ಬ್ರೌಸರು

ರಮಾಬಾಯಾರ ಲ್ಯಾಪ್‌ಟಾಪಿನಲ್ಲಿ ನಾಲ್ಕು ಬ್ರೌಸರುಗಳಿದ್ದವು. ಅವುಗಳಲ್ಲಿ ಒಂದು ಮಡಿಯಲ್ಲಿತ್ತು.

ನಗಬೇಡಿ. ಆ ಬ್ರೌಸರಿನಲ್ಲಿ ಅವರು ಬ್ಯಾಂಕು ಮತ್ತು ಪಿಂಚಣಿ ಬಿಟ್ಟು ಬೇರೇನನ್ನೂ ತೆರೆಯುತ್ತಿರಲಿಲ್ಲ. ಅದರಲ್ಲಿ ದಾಸರ ಪದ ಕೇಳುವಂತಿಲ್ಲ, ಏಕಾದಶಿ ಯಾವತ್ತು ಎಂದು ನೋಡುವಂತಿಲ್ಲ, ಯಾರೋ ಕಳಿಸಿದ ಲಿಂಕನ್ನು ಒತ್ತುವ ಮಾತಂತೂ ಎತ್ತುವಂತೆಯೇ ಇಲ್ಲ. ಎಕ್ಸ್‌ಟೆನ್ಷನ್ ಎಂಬ ಬಾಲಂಗೋಚಿ ಒಂದನ್ನೂ ಅದಕ್ಕೆ ಹಚ್ಚಿರಲಿಲ್ಲ. ಪಿಂಚಣಿ ಬಂತೇ ಎಂದು ನೋಡುವ ದಿನ ಸ್ನಾನ ಮುಗಿಸಿ, ಒದ್ದೆ ಕೂದಲ ತುದಿಗೆ ಗಂಟು ಹಾಕಿ, ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಅದರ ಮುಂದೆ ಕೂಡುತ್ತಿದ್ದರು. ಸ್ನಾನ ದೇವರ ಪೂಜೆಗೋ ಬ್ರೌಸರಿಗೋ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನೋಡಿ ಮುಗಿದ ತಕ್ಷಣ ಅದನ್ನು ಮುಚ್ಚಿ, "ಈಗ ಮುಟ್ರಿ" ಎಂದು ಲ್ಯಾಪ್‌ಟಾಪನ್ನು ನಮ್ಮ ಕಡೆ ಸರಿಸುತ್ತಿದ್ದರು.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಬಾಯಾರು ಎನ್ನುತ್ತೇವೆ. ರಮಾಬಾಯಾರು ಮಾನ್ವಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಇಡೀ ನೌಕರಿಯನ್ನು ರಾಯಚೂರು–ಮಾನ್ವಿ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಮುಗಿಸಿದವರು. ಗಂಡ ಮಠದ ಪೂಜೆಯಲ್ಲಿದ್ದವರು, ಬೇಗ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ನಿವೃತ್ತಿಯಾದ ಮೇಲೆ ಎಲ್ಲರಂತೆ ಉಡುಪಿಗೆ, ಕಾಶಿಗೆ ಹೋಗಿ ಬಂದರು. ಬಂದ ಮೇಲೆ ಎಲ್ಲರಂತೆ ಸುಮ್ಮನೆ ಕೂಡಲಿಲ್ಲ. ರಾಯಚೂರಿನ ಮಾವಿನಕೆರೆ ಕಡೆಯ ಮನೆಯ ಪಡಸಾಲೆಯಲ್ಲಿ ಯಾವುದೋ ಕಚೇರಿ ಹೊರಹಾಕಿದ ಹಳೇ ಕಂಪ್ಯೂಟರುಗಳನ್ನು ಜೋಡಿಸಿ ಹುಡುಗಿಯರಿಗೆ ಕ್ಲಾಸು ತೆರೆದರು.

ವಿನಯ ಎಂಬುದು ಅವರ ಓಣಿಯಲ್ಲಿ ಹಾದುಹೋದದ್ದನ್ನು ನಾನಂತೂ ನೋಡಿಲ್ಲ. "ರಾಯಚೂರಾಗ ಇದನ್ನ ನನ್ನಕಿಂತ ಛಂದ ಹೇಳಿಕೊಡೋರು ಇದ್ರ ಕರ್ಕೊಂಡು ಬರ್ರಿ, ನಾನೂ ಕೂತು ಕಲೀತೀನಿ" ಎನ್ನುತ್ತಿದ್ದರು. ಯಾರೂ ಯಾರನ್ನೂ ಕರೆದುಕೊಂಡು ಹೋಗಲಿಲ್ಲ. ಬೇರೆ ಕ್ಲಾಸುಗಳಲ್ಲಿ ಮೊದಲ ದಿನ ಟೈಪಿಂಗ್ ಕಲಿಸುತ್ತಾರೆ, ಇಲ್ಲವೇ ಮೌಸ್ ಹಿಡಿಯುವುದನ್ನು. ಬಾಯಾರು ಮೊದಲ ದಿನವೇ ಗೋಡೆಯ ಕರಿಹಲಗೆಯ ಮೇಲೆ ನಾಲ್ಕು ಮನೆ ಗೀರಿ, ಒಂದೊಂದರಲ್ಲಿ ಒಂದೊಂದು ಬ್ರೌಸರಿನ ಗುರುತು ಬಿಡಿಸುತ್ತಿದ್ದರು: ಬಣ್ಣದ ಚಕ್ರ, ಬೆಂಕಿಬಾಲದ ನರಿ, ಸಿಂಹದ ಮುಖ, ನೀಲಿ ಅಲೆ. ಕಂಪನಿಯ ಹೆಸರು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಚಕ್ರ, ನರಿ, ಸಿಂಹ, ಅಲೆ, ಅಷ್ಟೇ. ಸಿಂಹಕ್ಕೆ ಅವರು ಬಿಡಿಸಿದ ಮೀಸೆ ಬೆಕ್ಕಿನದಾಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು.

"ಎರಡು ಮಾತು ಬ್ಯಾರೆ ಬ್ಯಾರೆ ಅವ, ತಿಳ್ಕೊಳ್ರಿ" ಎಂದು ಶುರು ಮಾಡುತ್ತಿದ್ದರು. "ಸುರಕ್ಷಿತ ಅಂದ್ರ ಕಳ್ಳ ಒಳಗ ಬರಬಾರದು. ಖಾಸಗಿ ಅಂದ್ರ ಓಣಿಯವರು ಒಳಗ ಇಣಕಬಾರದು. ಬಾಗಲಕ್ಕ ಗಟ್ಟಿ ಕೀಲಿ ಹಾಕಿ ಕಿಟಕಿ ತಗದಿಟ್ಟ ಮನಿ ಇರ್ತಾವ. ಕಿಟಕಿ ಮುಚ್ಚಿ ಕೀಲಿ ಮರತ ಮನೀನೂ ಇರ್ತಾವ. ಬ್ರೌಸರ್ ನೋಡಬೇಕಾದ್ರ ಎರಡೂ ನೋಡಬೇಕು."

ಆಮೇಲೆ ಒಂದೊಂದರ ಜಾತಕ. ಚಕ್ರದ್ದು ಗಟ್ಟಿ ಮನೆ: ಎಲ್ಲಿ ಬಿರುಕು ಕಂಡರೂ ಬೇಗ ದುರಸ್ತಿ ಮಾಡುತ್ತಾರೆ, ಒಂದೊಂದು ಸೈಟನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡುತ್ತಾರೆ, ಒಂದಕ್ಕೆ ಬೆಂಕಿ ಬಿದ್ದರೆ ಪಕ್ಕದ್ದಕ್ಕೆ ಹತ್ತುವುದಿಲ್ಲ. "ಆದ್ರ ಮಾಲಕರದು ಜಾಹೀರಾತಿನ ವ್ಯಾಪಾರ. ಕಿಟಕಿ ನೀವ ಎದ್ದು ಮುಚ್ಚಿಕೋಬೇಕು." ನರಿ ಒಂದೊಂದು ಸೈಟು ಬಿಟ್ಟುಹೋಗುವ ಕುಕಿ ಎಂಬ ಗುರುತುಚೀಟಿಯನ್ನು ಆಯಾ ಡಬ್ಬಿಯಲ್ಲೇ ಹಾಕಿ ಮುಚ್ಚುತ್ತದೆ, ಸೀರೆ ಅಂಗಡಿಯಲ್ಲಿ ನೀವು ನೋಡಿದ್ದು ಪೇಪರಿನವನಿಗೆ ತಿಳಿಯುವುದಿಲ್ಲ. "ಆದ್ರ ಒಂದೊಂದು ಫಾರಂ ಇದರ ಜೋಡಿ ಮುನಿಸ್ಕೊಂಡು ತೆರಿಯೂದ ಇಲ್ಲ." ಸಿಂಹ ಜಾಹೀರಾತನ್ನೂ ಹಿಂಬಾಲಿಸುವವರನ್ನೂ ಬಾಗಿಲಲ್ಲೇ ತಡೆಯುತ್ತದೆ, ಒಮ್ಮೊಮ್ಮೆ ಬೇಕಾದ ನೆಂಟರನ್ನೂ ತಡೆದುಬಿಡುತ್ತದೆ. ಅಲೆ ಕಂಪ್ಯೂಟರಿನ ಜೊತೆಗೇ ಬಂದದ್ದು, ಮೋಸದ ಸೈಟಿಗೆ ಹೋದರೆ ಕೆಂಪು ತೋರಿಸಿ ಕೂಗುತ್ತದೆ. "ಒಳ್ಳೇದ. ಆದ್ರ ಭಾಳ ಮಾತಾಡ್ತದ, ಕೇಳಲಾರದ್ದನ್ನೂ ಹೇಳ್ತದ."

ಹಾಗಾದರೆ ಯಾವುದು ಒಳ್ಳೆಯದು ಎಂದು ಹೊಸ ಹುಡುಗಿ ಯಾರಾದರೂ ಕೇಳೇ ಕೇಳುತ್ತಿದ್ದಳು. ಬಾಯಾರಿಗೆ ಆ ಪ್ರಶ್ನೆ ಬರುವುದೇ ಬೇಕಾಗಿತ್ತು. "ಯಾವುದಕ್ಕ ಅಂತ ಹೇಳು, ಆಮ್ಯಾಲೆ ಯಾವುದು ಅಂತ ಹೇಳ್ತೀನಿ" ಎಂದು ಸುಣ್ಣದ ಕಡ್ಡಿಯನ್ನು ಅವಳ ಕಡೆ ತೋರಿಸುತ್ತಿದ್ದರು. ವಿಳಾಸದ ಪಕ್ಕದ ಬೀಗದ ಚಿತ್ರ ಕಂಡರೆ ಸೈಟು ನಂಬಬಹುದಲ್ಲ ಎಂದವಳಿಗೆ ಸಿಕ್ಕಿದ ಉತ್ತರ ನಮ್ಮ ತಂಡಕ್ಕೆ ಬಾಯಿಪಾಠವಾಗಿತ್ತು: "ಬೀಗ ಇದ್ರ ದಾರಿ ಭದ್ರ ಅಂತ ಅರ್ಥ, ಹೋದ ಮನಿ ಒಳ್ಳೇದು ಅಂತಲ್ಲ. ಕಳ್ಳನ ಮನಿಗೂ ಡಾಂಬರ್ ರಸ್ತಾ ಇರ್ತದ."

ನೋಡಿದ್ದರ ಗುರುತನ್ನು ಕಂಪ್ಯೂಟರಿನಲ್ಲಿ ಉಳಿಸದ ಪ್ರೈವೇಟ್ ಕಿಟಕಿಯ ಪಾಠ ಇನ್ನೂ ಚೆನ್ನಾಗಿತ್ತು. "ಊಟ ಆದ ಮ್ಯಾಲೆ ಎಲಿ ಎತ್ತಿ ಗೋಮಯ ಹಚ್ಚಿದಂಗ ಅದು. ನೀ ಏನು ಉಂಡಿ ಅಂತ ಆಮ್ಯಾಲೆ ಬಂದವರಿಗೆ ತಿಳಿಯೂದಿಲ್ಲ. ಆದ್ರ ಬಡಿಸಿದಾಕಿಗೆ ಗೊತ್ತಿರ್ತದ, ಮರೀಬ್ಯಾಡ್ರಿ." ನಾವು ತಲೆ ಆಡಿಸುತ್ತಿದ್ದೆವು. ನಾನಂತೂ ಎಲ್ಲರಿಗಿಂತ ಜೋರಾಗಿ ಆಡಿಸುತ್ತಿದ್ದೆ.

ನಾನು ದೇವದುರ್ಗದವಳು, ಹೆಸರು ಹುಲಿಗೆಮ್ಮ. ಅಪ್ಪ ಇಲ್ಲ. ಯವ್ವ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಅಣ್ಣ ದೇವಪ್ಪ ಗೂಡ್ಸ್ ಗಾಡಿ ಓಡಿಸುತ್ತಿದ್ದ, ದೇವದುರ್ಗದಿಂದ ರಾಯಚೂರಿಗೆ ಹತ್ತಿ ಹೇರಿಕೊಂಡು ಬರುತ್ತಿದ್ದ. ನನ್ನ ಪಿಯುಸಿ ಮುಗಿದಾಗ ಅವನು ಕವಿತಾಳದ ನಮ್ಮ ಸೋದರಮಾವನಿಗೆ ಮಾತು ಕೊಟ್ಟುಬಿಟ್ಟಿದ್ದ: ಹುಡುಗಿಯನ್ನು ನಿಮ್ಮ ಮಗನಿಗೇ ಕೊಡುತ್ತೇವೆ. ಮುಹೂರ್ತ ಗೊತ್ತಾಗುವವರೆಗೆ ಸುಮ್ಮನೆ ಯಾಕೆ ಕೂಡಬೇಕು, ಕಂಪ್ಯೂಟರ್ ಆದರೂ ಕಲಿಯಲಿ ಎಂದು ನನ್ನನ್ನು ರಾಯಚೂರಿನಲ್ಲಿ ಚಿಗವ್ವನ ಮನೆಯಲ್ಲಿ ಬಿಟ್ಟಿದ್ದ. ಒಳ್ಳೆಯ ಮನುಷ್ಯನೇ. ನನ್ನನ್ನು ಕೇಳಬೇಕು ಎಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಬಾಯಾರ ಜೊತೆ ನನ್ನ ಮೊದಲ ಮಾತೇ ಜಗಳದ ಮಾತು. ಅವರು ಮಡಿ ಬ್ರೌಸರಿನ ವಿಷಯ ಹೇಳಿ, ಬ್ಯಾಂಕಿಗೆ ಒಂದನ್ನು ಬೇರೆಯೇ ಇಟ್ಟುಕೊಳ್ಳಿ, ಮಡಿ ಮೈಲಿಗೆ ಕಲೆಸಬೇಡಿ ಎಂದರು. ನನಗೆ ತಡೆಯಲಿಲ್ಲ. "ನಮ್ಮ ಮನ್ಯಾಗ ಮಡಿ ಇಲ್ರಿ ಬಾಯಾರ. ನಮ್ಮನ್ನ ಕಂಡ್ರ ಮಡಿ ಕೆಡತದ ಅಂತಾರ. ಕುಡಿಯೂ ನೀರಿನ ಕೊಡ, ಬಳಸೂ ನೀರಿನ ಕೊಡ ಬ್ಯಾರೆ ಇಡ್ತೀವಿ. ಅದು ಎಲ್ಲರ ಮನ್ಯಾಗೂ ಅದ" ಎಂದೆ. ಬಾಯಾರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು, ಕರಿಹಲಗೆಯತ್ತ ತಿರುಗಿದರು, ಮಡಿ ಎಂದು ಬರೆದದ್ದನ್ನು ಸೆರಗಿನಿಂದಲೇ ಒರೆಸಿ 'ಕುಡಿಯುವ ನೀರು' ಎಂದು ಬರೆದರು. "ನಿಂದ ಸರಿ. ಕೂಡು" ಎಂದರು. ತಪ್ಪಾಯಿತು ಎನ್ನಲಿಲ್ಲ, ಮುಖ ಸಣ್ಣದು ಮಾಡಿಕೊಳ್ಳಲೂ ಇಲ್ಲ. ಮರುದಿನದಿಂದ ಹೊಸಬರಿಗೆ ನೀರಿನ ಕೊಡಗಳ ಲೆಕ್ಕದಲ್ಲೇ ಪಾಠ. ತಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ ಮಾತ್ರ ಅದು ಮಡಿಯಾಗಿಯೇ ಉಳಿಯಿತು. ಆ ಹೊತ್ತಿಗೆ ನಾನು ಅವರನ್ನು ಇಷ್ಟಪಟ್ಟುಬಿಟ್ಟಿದ್ದೆ.

ಅವರ ಕೈಗೆ ಸಿಕ್ಕು ಒದ್ದಾಡುತ್ತಿದ್ದ ಇನ್ನೊಂದು ಪ್ರಾಣಿ ಎಂದರೆ ಶ್ರೀಪಾದ, ಅವರ ತಮ್ಮನ ಮಗ. ಮಾನ್ವಿಯಲ್ಲಿ ಬ್ಯಾಂಕಿನ ಕೆಲಸ, ಅತ್ತೆಯ ಮೇಲೆ ಜೀವ. ಭಾನುವಾರಕ್ಕೊಮ್ಮೆ ಬಂದು ಮನೆಗೆ ಬೇಕಾದದ್ದು ತಂದು ಹಾಕುತ್ತಿದ್ದ. ಕಣ್ಣಿಗೆ ಬಿದ್ದದ್ದನ್ನೆಲ್ಲ ಒತ್ತುವ ಚಟವೊಂದಿತ್ತು. ಒಮ್ಮೆ ಅವನ ಲ್ಯಾಪ್‌ಟಾಪು ತೆರೆದರೆ ಪರದೆಯ ತುಂಬ ಜಾಹೀರಾತು ಪುಟಪುಟ ಎದ್ದು ಬಂದವು. ಸಾಮಾನು ಸೋವಿಯಾಗಿ ಸಿಗುತ್ತದೆಂದು ಯಾವುದೋ ಎಕ್ಸ್‌ಟೆನ್ಷನ್ ಹಾಕಿಕೊಂಡಿದ್ದ. ಬಾಯಾರು ನಮ್ಮೆಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಅದನ್ನು ಕಿತ್ತು ಹಾಕಿದರು. "ಏನು ಬ್ರೌಸರ್ ಇದ್ರೇನು ಬಂತೋ ಶ್ರೀಪಾದ! ಬಾಗಲಕ್ಕ ಕೀಲಿ ಹಾಕಿ, ಗುರುತಿಲ್ಲದಾಂವನ್ನ ಅಡಗಿಮನ್ಯಾಗ ಕರ್ಕೊಂಡು ಕೂಡ್ಸೀದಿ. ನೀ ಓದಿದ್ದೆಲ್ಲಾ, ಬರದದ್ದೆಲ್ಲಾ ಅವ ನೋಡ್ಲಿಕತ್ತಿದ್ದ" ಎಂದರು. ಅವನು "ಆತು ಅತ್ಯಾ, ಆತು ಅತ್ಯಾ" ಎಂದು ನಮ್ಮ ಕಡೆ ನೋಡಿ ಪೆಚ್ಚಾಗಿ ನಗುತ್ತಿದ್ದ.

ಈಗ ನನ್ನ ಕತೆ. ನನಗೆ ನರ್ಸ್ ಆಗಬೇಕಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಹೇಳಿದ ಸಂಜೆಯೇ ಹತ್ತಿರದ ಮುಹೂರ್ತ ಹಿಡಿದು ಮದುವೆ ಮುಗಿಸಿಬಿಡುತ್ತಾರೆಂದು ನನಗೆ ಗೊತ್ತಿತ್ತು. ಸೀಟಿನ ಅರ್ಜಿ ಹಾಕಿ, ಸಿಕ್ಕಿದ ಮೇಲೆ ಹೇಳುವುದು ನನ್ನ ಲೆಕ್ಕ. ಕ್ಲಾಸು ಮುಗಿದ ಮೇಲೆ ಉಳಿದುಕೊಂಡು, ನರಿಯನ್ನೇ ಆರಿಸಿ, ಅದರಲ್ಲೂ ಪ್ರೈವೇಟ್ ಕಿಟಕಿಯನ್ನೇ ತೆರೆದು ಹುಡುಕುತ್ತಿದ್ದೆ. ಮುಗಿದ ಮೇಲೆ ಮುಚ್ಚಿ, ಮತ್ತೊಮ್ಮೆ ತೆರೆದು ಏನೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು ಏಳುತ್ತಿದ್ದೆ. ಅಷ್ಟು ಜಾಣೆ ನಾನು.

ಆದರೆ ಅರ್ಜಿಗೆ ಇಮೇಲ್ ಬೇಕು. ನಮ್ಮ ಮನೆಗೆ ಇದ್ದದ್ದು ಒಂದೇ ಇಮೇಲು, ಅಣ್ಣನ ಮೊಬೈಲ್ ತಂದಾಗ ಅಂಗಡಿಯವ ಮಾಡಿಕೊಟ್ಟದ್ದು. ಮನೆಗೆ ಒಂದು ರೇಷನ್ ಕಾರ್ಡು ಇದ್ದಂತೆ ಒಂದು ಇಮೇಲು ಎಂದೇ ನಾವು ತಿಳಿದಿದ್ದೆವು. ಯವ್ವನ ಬ್ಯಾಂಕಿಗೂ ಅದೇ, ನನ್ನ ಪಿಯುಸಿ ಫಾರಂಗೂ ಅದೇ. ನಾನು ಪ್ರೈವೇಟ್ ಕಿಟಕಿಯೊಳಗೆ ಆ ಇಮೇಲಿನಿಂದಲೇ ಲಾಗಿನ್ ಆಗಿ, ಲಾಗಿನ್ ಆದ ಹಾಗೆಯೇ ಎಲ್ಲ ಹುಡುಕುತ್ತಿದ್ದೆ. ಕಂಪ್ಯೂಟರಿನಲ್ಲಿ ಏನೂ ಉಳಿಯುತ್ತಿರಲಿಲ್ಲ, ನಿಜ. ಹುಡುಕಿದ್ದೆಲ್ಲ ಅಣ್ಣನ ಖಾತೆಯಲ್ಲಿ ಜಮೆಯಾಗಿ ದೇವದುರ್ಗದಲ್ಲಿದ್ದ ಅವನ ಮೊಬೈಲಿಗೆ ಹೋಗುತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ, ಕ್ಲಾಸು ನಡೆದಿರುವಾಗ, ಅಣ್ಣ ಬಾಗಿಲಲ್ಲಿ ಬಂದು ನಿಂತ. ಅಂಗಿಯ ಮೇಲೆಲ್ಲ ಹತ್ತಿಯ ಎಳೆ. ನನ್ನನ್ನು ನೋಡಿ ನಕ್ಕ. ಬಂದದ್ದು ನನಗಾಗಿ ಅಲ್ಲ.

"ಬಾಯಾರ, ನನ್ನ ಮೊಬೈಲ್ ಹ್ಯಾಕ್ ಆಗ್ಯಾದ ನೋಡ್ರಿ" ಎಂದ. "ನಾ ಹುಡುಕಲಾರದ್ದೆಲ್ಲಾ ಹುಡುಕಿದಂಗ ತೋರಸಾಕತ್ತದ. ನರ್ಸಿಂಗ್ ಕಾಲೇಜ ಅಂತ, ಹಾಸ್ಟೆಲ್ ಅಂತ. ನಮ್ಮ ಹುಲಿಗಿ ನಿಮ್ಮ ಬಗ್ಗೆ ಭಾಳ ಹೇಳತಿರ್ತಾಳ್ರಿ, ನೀವ ಸರಿ ಮಾಡಿಕೊಡ್ರಿ."

ಬಾಯಾರು ಮೊಬೈಲ್ ತೆಗೆದುಕೊಂಡು, ಅವನ ಒಪ್ಪಿಗೆ ಕೇಳಿ, ಖಾತೆಯ ಪುಟ ತೆರೆದರು. ಅಲ್ಲಿ ಏನೇನಿದೆ ಎಂದು ನನಗೆ ಗೊತ್ತಿತ್ತು. ಸೀಟಿನ ಕೊನೆ ದಿನ ಯಾವಾಗ ಎಂದು ಇತ್ತು. ಹುಡುಗಿಯರ ಹಾಸ್ಟೆಲು ಎಲ್ಲಿದೆ ಎಂದು ಇತ್ತು. ಸೋದರಮಾವನ ಮಗನನ್ನು ಮದುವೆಯಾದರೆ ಹುಟ್ಟುವ ಮಕ್ಕಳಿಗೆ ತೊಂದರೆ ಬರುತ್ತದಾ ಎಂದೂ ಇತ್ತು. ಅದನ್ನು ನಾನು ಒಂದೇ ಸಲ ಕೇಳಿರಲಿಲ್ಲ. ಬಾಯಾರು ಓದುತ್ತಾ ಹೋದರು, ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಹಾಗೆ ತಿರುಗದೇ ಇದ್ದುದರಿಂದಲೇ ಅವರಿಗೆ ತಿಳಿಯಿತೆಂದು ನನಗೆ ಗೊತ್ತಾಯಿತು. ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಹ್ಯಾಕ್ ಆಗಿಲ್ಲಪಾ. ನಿನ್ನ ಇಮೇಲ್ ಹಾಕಿಕೊಂಡು ಇನ್ನೊಬ್ಬರು ಹುಡುಕ್ಲಿಕತ್ತಾರ. ಅವರು ಹುಡುಕಿದ್ದು ನಿನಗ ಬರ್ಲಿಕತ್ತದ. ಅಷ್ಟ."

"ಯಾರ್ರಿ ಅವರು?"

"ಅದನ್ನ ನಾ ಹೇಳೂದಿಲ್ಲ."

"ನಿಮಗ ಗೊತ್ತದ ಏನ್ರಿ?"

"ಗೊತ್ತದ."

ಒಂದು ಸುಳ್ಳು ಹೇಳಿ ಎಂದು ನನ್ನ ಮನಸ್ಸು ಒಳಗೇ ಗೋಗರೆಯುತ್ತಿತ್ತು. ವೈರಸ್ ಎನ್ನಿ, ಕಂಪನಿಯವರ ತಪ್ಪು ಎನ್ನಿ, ಅಣ್ಣ ನಂಬುತ್ತಾನೆ. ಬಾಯಾರ ಬಾಯಲ್ಲಿ ಸುಳ್ಳು ಹುಟ್ಟುತ್ತಿರಲಿಲ್ಲ, ಅದೊಂದು ದೊಡ್ಡ ತೊಂದರೆ.

ಅಣ್ಣನ ದನಿ ಏರಿತು. "ಮೊಬೈಲ್ ನಂದು, ಇಮೇಲ್ ನಂದು. ನನಗ ಹೇಳೂದಿಲ್ಲ ಅಂದ್ರ ಹ್ಯಾಂಗ್ರಿ?"

"ಇಮೇಲ್ ನಿಂದು. ವಿಚಾರ ನಿಂದಲ್ಲ" ಎಂದರು ಬಾಯಾರು. "ಫೋನ್ ನಿಂದ ಅದ, ತಗೊಂಡು ಓದಿದ್ರ ನಾ ಕೈ ಹಿಡಿಯೂದಿಲ್ಲ. ಇನ್ನೊಬ್ಬರ ಮನಸಿನಾಗಿಂದು ಓದ್ಲಿಕತ್ತೀನಿ ಅನ್ನೂದು ನೆನಪಿರಲಿ."

ಅಣ್ಣ ಸುತ್ತ ನೋಡಿದ. ಹುಡುಗಿಯರೆಲ್ಲ ತಲೆ ತಗ್ಗಿಸಿ ಕೂತಿದ್ದರು. ನಾನೂ ತಗ್ಗಿಸಿ ಕೂಡಬಹುದಿತ್ತು. ಬಾಯಾರು ಅಷ್ಟು ಜಾಗ ಮಾಡಿಕೊಟ್ಟಿದ್ದರು. ಆದರೆ ನನ್ನ ವಿಚಾರವನ್ನು ಅವರು ಅಷ್ಟು ಗಟ್ಟಿಯಾಗಿ ಕಾಯುತ್ತಿರುವಾಗ ಅದು ನನ್ನದು ಎನ್ನಲು ನಾನೇ ಹಿಂಜರಿಯುವುದು ನನಗೆ ಸರಿಬರಲಿಲ್ಲ. ಎದ್ದು ನಿಂತೆ.

"ಯಣ್ಣಾ, ಅವೆಲ್ಲಾ ನಾ ಹುಡುಕಿದ್ದು."

ಅವನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಸಿಟ್ಟಿಗಿಂತ ಮೊದಲು ಅವಮಾನ ಬಂತು, ಆಮೇಲೆ ಸಿಟ್ಟು. ಅದು ನನ್ನ ಮೇಲೆ ಬರದೆ ಬಾಯಾರ ಮೇಲೆ ಹೋಯಿತು. "ನೀವು ಕಲಸೂದು ಇದನ್ನ ಏನ್ರಿ? ಮನಿಯವರ ಕಣ್ಣು ತಪ್ಪಸೂದು?"

"ಹೌದು, ಅದನ್ನೂ ಕಲಸ್ತೀನಿ" ಎಂದರು ಬಾಯಾರು, ಗಣಿತದ ಉತ್ತರ ಹೇಳಿದಷ್ಟು ಸರಳವಾಗಿ. "ಕದಾ ಹಾಕ್ಕೊಂಡು ಮೈ ತೊಳಕೊಳ್ಳೂದು ಕಳ್ಳತನ ಏನಪಾ? ಕದಾ ಹಾಕ್ಕೊಂಡು ವಿಚಾರ ಮಾಡೂದೂ ಕಳ್ಳತನ ಅಲ್ಲ."

ಅಣ್ಣ ನನ್ನ ಕಡೆ ತಿರುಗಿದ. "ಚೀಲ ತಗೋ, ನಡಿ" ಎಂದ. ನಾನು ಚೀಲ ತೆಗೆದುಕೊಂಡೆ. ಬಾಯಾರು ಮೆಟ್ಟಿಲವರೆಗೆ ಬಂದರು. ತಡೆಯಲಿಲ್ಲ, ಬೇಡಿಕೊಳ್ಳಲಿಲ್ಲ. "ಕರ್ಕೊಂಡು ಹೋಗು ತಮ್ಮಾ. ಅರ್ಜಿ ಹಾಕ್ಲಿಕ್ಕೆ ಸೋಮವಾರ ಕಡೀ ದಿನ ಅದ, ಗೊತ್ತಿರಲಿ" ಎಂದಷ್ಟೇ ಹೇಳಿ ಒಳಗೆ ಹೋದರು. ಹೋಗಿ ಪಾಠ ಮುಂದುವರಿಸಿದರೆಂದು ಆಮೇಲೆ ಗೆಳತಿಯರು ಹೇಳಿದರು.

ಗಾಡಿ ದೇವದುರ್ಗದ ದಾರಿ ಹಿಡಿಯಿತು. ನನ್ನ ನರ್ಸಿಂಗ್ ಮುಗಿಯಿತು ಎಂದುಕೊಂಡೆ. ಕವಿತಾಳದ ಮನೆಯ ಕಟ್ಟೆ, ಅಲ್ಲಿ ನಾನು ಕಸ ಹೊಡೆಯುವುದು ಎಲ್ಲ ಕಣ್ಣ ಮುಂದೆ ಬಂತು. ಗಬ್ಬೂರಿನಲ್ಲಿ ಅವನು ಗಾಡಿ ನಿಲ್ಲಿಸಿ ಇಳಿದು, ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ಮೊಬೈಲ್ ತೆಗೆದ. ಓದುತ್ತಲೇ ಕೂತ. ಚಹಾ ಆರಿತು. ನಾನು ಗಾಡಿಯ ಗಾಜಿನೊಳಗಿಂದ ನೋಡುತ್ತಿದ್ದೆ. ನನ್ನ ಮನಸ್ಸನ್ನು ಬೀದಿಯಲ್ಲಿ ಹರಡಿಕೊಂಡು ಒಬ್ಬರು ಓದುವುದನ್ನು ನೋಡುವುದು ಎಂತಹದು ಎಂದು ಯಾರಿಗೂ ಹೇಳಿ ತಿಳಿಸಲಾರೆ.

ಬಂದು ಗಾಡಿ ಹತ್ತಿದ. ಚಾಲೂ ಮಾಡದೆ ಕೇಳಿದ. "ಆ ಮಕ್ಕಳ ಮಾತು ಖರೇನಾ?"

"ಎಲ್ಲಾರಿಗೂ ಆಗ್ತದಂತಲ್ಲ. ರಕ್ತಸಂಬಂಧದಾಗ ಕೊಟ್ಟು ತಂದ್ರ ಆಗೂ ಸಂಭವ ಜಾಸ್ತಿ ಅಂತ ಬರದಾರ."

"ನನ್ನ ಕೇಳಬೇಕಿತ್ತು ಬೇ."

"ಕೇಳಿದ್ರ ಏನಂತಿದ್ದಿ?"

"ಬೈತಿದ್ದೆ" ಎಂದ. ಆಮೇಲೆ ಗಾಡಿ ಚಾಲೂ ಮಾಡಿ, ರಸ್ತೆಯನ್ನೇ ನೋಡುತ್ತಾ ಹೇಳಿದ: "ಎಷ್ಟ ದಿನದಿಂದ ಒಬ್ಬಾಕೀನ ಇದನ್ನೆಲ್ಲಾ ವಿಚಾರ ಮಾಡಾಕತ್ತಿ, ನನಗ ಗೊತ್ತಾಗಲಿಲ್ಲಲ್ಲ. ಸೋಮವಾರ ಹತ್ತಿ ಲೋಡ್ ಅದ. ಹೋಗೂವಾಗ ನಿನ್ನ ಬಾಯಾರ ಮನಿಗೆ ಬಿಡ್ತೀನಿ."

ಸೋದರಮಾವನ ಮನೆಗೆ ಅವನೇ ಹೋಗಿ ಮಾತು ವಾಪಸ್ ತೆಗೆದುಕೊಂಡ. ಅಲ್ಲಿ ತಿಂದ ಬೈಗುಳವನ್ನು ನನಗೆ ಎಂದೂ ಹೇಳಲಿಲ್ಲ, ಯವ್ವನಿಂದ ತಿಳಿಯಿತು. ನಾನು ಅವನಿಗೆ ಋಣಿ, ಇದನ್ನು ಬರೆಯಲು ನನಗೆ ಸಂಕೋಚವಿಲ್ಲ.

ಸೋಮವಾರ ನಾನು ಕುಣಿಯುತ್ತಲೇ ಪಡಸಾಲೆಗೆ ಹೋದೆ. ಇಮೇಲಿನ ಎಡವಟ್ಟು ಆದದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಅಣ್ಣನಿಗೆ ತಿಳಿಯುತ್ತಲೇ ಇರಲಿಲ್ಲ ಎಂದೆ. ಬಾಯಾರಿಗೆ ಸಿಟ್ಟು ಬಂದದ್ದನ್ನು ಅವತ್ತು ಮೊದಲು ನೋಡಿದೆ. "ಕಳ್ಳ ಬಂದು ಮನಿ ಕಸಾ ಹೊಡದು ಹೋದ ಅಂತ ನಾಳಿಂದ ಬಾಗಲಾ ತಗದಿಡ್ತೀಯೇನು? ನಿಮ್ಮಣ್ಣ ಛಲೋ ಮನಷಾ, ನಿನ್ನ ದೈವ. ಇನ್ನೊಬ್ಬಾಕಿ ಅಣ್ಣ ಹಂಗ ಇರ್ತಾನೇನು?" ಆಮೇಲೆ ಎಲ್ಲ ಹುಡುಗಿಯರ ಎದುರಿಗೇ ಹೇಳಿದರು: "ತಪ್ಪು ನಂದ. ನಾ ಒಬ್ಬಾಕೀನ ಇರೋಳು. ಕಳ್ಳ ಅಂದ್ರ ಹೊರಗಿನಾಂವ, ಇಣಕೋರು ಅಂದ್ರ ಕಂಪನಿಯವರು ಅಂತ ತಿಳ್ಕೊಂಡು ಈ ನಾಲ್ಕನ್ನೂ ತೂಗಿದೆ. ಒಂದ ಫೋನ್ ನಾಲ್ಕು ಮಂದಿ ಕೈಯಾಗ ಇರೂ ಮನಿ ಹುಡುಗಿಗೆ ಯಾವುದು ಒಳ್ಳೇದು ಅಂತ ವಿಚಾರನ ಮಾಡಿದ್ದಿಲ್ಲ."

ಅವತ್ತು ಬೇರೆ ಯಾವ ಪಾಠವೂ ಆಗಲಿಲ್ಲ. ಒಬ್ಬೊಬ್ಬರನ್ನೇ ಕರೆದು ಅವರವರ ಹೆಸರಿನಲ್ಲಿ ಇಮೇಲ್ ಮಾಡಿಸಿದರು, ಪಾಸ್‌ವರ್ಡ್ ಹಾಕುವಾಗ ತಾವು ಗೋಡೆಯ ಕಡೆ ಮುಖ ಮಾಡಿ ನಿಂತರು. ನನ್ನ ಅರ್ಜಿ ನನ್ನದೇ ಇಮೇಲಿನಿಂದ ಹೋಯಿತು. ಅಂದಿನಿಂದ ಹೊಸಬರು ಬಂದರೆ ಕರಿಹಲಗೆಯ ಹತ್ತಿರ ಹೋಗುವ ಮೊದಲೇ ಅವರ ಪ್ರಶ್ನೆ: "ನೀ ಯಾರಿಂದ ಮುಚ್ಚಿಡಬೇಕು? ನನಗ ಹೇಳಬ್ಯಾಡ. ಮನಸಿನಾಗ ನೆನಸ್ಕೋ. ಈಗ ನೋಡು, ಈ ನಾಲ್ಕರಾಗ ಯಾವುದು ನಿನಗ ಬೇಕು." ಆ ಸೋಮವಾರ ಸಂಜೆ ನನ್ನನ್ನು ಕರೆದೊಯ್ಯಲು ಬಂದ ಅಣ್ಣ ಹೊಸ್ತಿಲಲ್ಲಿ ನಿಂತು, ತಲೆ ಕೆರೆದುಕೊಂಡು, "ಬಾಯಾರ, ನಂದೂ ಅಳಸಾಕ ಬರ್ತದೇನ್ರಿ, ನಾ ನೋಡಿದ್ದು?" ಎಂದ. ಹುಡುಗಿಯರು ನಕ್ಕು ನಕ್ಕು ಮೇಜಿನ ಮೇಲೆ ಬಿದ್ದರು. ಬಾಯಾರು ನಗಲಿಲ್ಲ. ಅಳಿಸುವುದು ಹೇಗೆಂದು ಅವನಿಗೆ ತೋರಿಸಿಕೊಟ್ಟು, ಅವನು ಅಳಿಸುವಾಗ ತಾವು ಮತ್ತೆ ಗೋಡೆ ನೋಡಿದರು.

ನಾನು ಈಗ ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಬಾಯಾರು ಹೊಟ್ಟೆನೋವೆಂದು ನಮ್ಮಲ್ಲೇ ಸೇರಿದಾಗ ನನ್ನದೇ ವಾರ್ಡು. ಸೊರಗಿದ್ದರು. ಮಾತು ಮಾತ್ರ ಸೊರಗಿರಲಿಲ್ಲ. ನಮ್ಮ ಡಾಕ್ಟರ ಕಂಪ್ಯೂಟರು ನೋಡಿ, "ಇದನ್ನ ಅಪ್‌ಡೇಟ್ ಮಾಡಿ ಯಾವ ಕಾಲ ಆತು? ನನ್ನ ರೋಗ ನಾಳೆ ಊರಿಗೆಲ್ಲಾ ಗೊತ್ತಾಗ್ತದ" ಎಂದು ಗದರಿಸಿದರು. ಡಾಕ್ಟರು ಆವತ್ತೇ ಮಾಡಿಸಿದರು.

ರಿಪೋರ್ಟು ಬಂದ ದಿನ ಡಾಕ್ಟರು ಅವರೊಬ್ಬರಿಗೇ ಹೇಳಿ ಹೋದರು, ಅವರು ಕೇಳಿಕೊಂಡಂತೆ. ಮಂಚದ ಸುತ್ತ ಬಳಗ ನೆರೆದಿತ್ತು: ಶ್ರೀಪಾದ, ಅವನ ಹೆಂಡತಿ, ಮಾನ್ವಿಯಿಂದ ಬಂದ ಇಬ್ಬರು ನೆಂಟರು. ಎಲ್ಲರೂ ಒಟ್ಟಿಗೆ ಏನಂದ್ರು, ಏನಂದ್ರು ಎನ್ನುತ್ತಿದ್ದರು. ಬಾಯಾರು ನನ್ನನ್ನು ನೋಡಿದರು. ಅಷ್ಟು ವರ್ಷ ಅವರನ್ನು ಕಂಡಿದ್ದೆ, ಆ ನೋಟ ಕಂಡಿರಲಿಲ್ಲ.

"ಎಲ್ಲಾರೂ ಸ್ವಲ್ಪ ಹೊರಗ ನಡೀರಿ" ಎಂದೆ.

"ನಾವು ಮನಿಯವರ ಅಲ್ಲೇನ್ರಿ ಸಿಸ್ಟರ್?" ಎಂದ ಶ್ರೀಪಾದ.

"ಹೌದ್ರಿ. ಹೊರಗ ನಡೀರಿ."

ಅವರು ಹೋದ ಮೇಲೆ ಮಂಚದ ಸುತ್ತ ಪರದೆ ಎಳೆದೆ. ಬಾಯಾರು ನನ್ನ ಕೈ ಹಿಡಿದುಕೊಂಡರು. ಎಂದೂ ಯಾರ ಕೈಯನ್ನೂ ಹಾಗೆ ಹಿಡಿದವರಲ್ಲ. ಸಣ್ಣ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ಮುಗಿದ ಮೇಲೆ ಮುಖ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು, "ಈಗ ಕರಿ ಅವರನ್ನ" ಎಂದರು. ಶ್ರೀಪಾದ ಒಳಗೆ ಬಂದಾಗ ಹಳೆಯ ಬಾಯಾರೇ ಕೂತಿದ್ದರು. "ಮತ್ತೇನರ ಒತ್ತಿ ಬಂದೀಯೇನೋ?" ಎಂದು ಕೇಳಿದರು. ಮರುದಿನ ಮನೆಗೆ ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಅವರು ತೀರಿಕೊಂಡು ಕರ್ಮಗಳೆಲ್ಲ ಮುಗಿದ ಮೇಲೆ ಶ್ರೀಪಾದ ಆಸ್ಪತ್ರೆಗೆ ಬಂದ. ತಲೆ ಬೋಳಿಸಿದ್ದ, ಕಣ್ಣು ಊದಿತ್ತು. ನನ್ನ ಎದುರಿನ ಬೆಂಚಿನ ಮೇಲೆ ಕೂತ.

"ಸಿಸ್ಟರ್, ಅವತ್ತು ಅತ್ಯಾ ನಿಮಗ ಏನು ಹೇಳಿದ್ಲು? ಹೆದರಿದ್ಲೇನು? ಏನರ ಆಸೆ ಉಳದಿತ್ತೇನು? ನಾ ಮಗನ ಸಮಾನ ಇದ್ದಾಂವ. ನನಗ ನಿದ್ದಿ ಬರವಲ್ದು."

ಹೇಳಿಬಿಡಬೇಕು ಎನ್ನಿಸಿತು. ಅವನು ಕೇಳಿದ್ದು ಕುತೂಹಲದಿಂದಲ್ಲ, ಪ್ರೀತಿಯಿಂದ. ಹೇಳಿದ್ದರೆ ಅವನ ಎದೆ ಹಗುರವಾಗುತ್ತಿತ್ತೋ ಏನೋ. "ನಿಮ್ಮ ಮ್ಯಾಲೆ ಅವರಿಗೆ ಭಾಳ ಜೀವ ಇತ್ರಿ. ಅಷ್ಟು ಹೇಳ್ತೀನಿ. ಉಳದದ್ದು ನನಗ ಹೇಳಿದ್ದು" ಎಂದೆ. ನಾನು ಅವನಿಗೆ ಚಹಾ ತರಿಸಿದೆ. ಕುಡಿದು ಎದ್ದ, ಕೈ ಮುಗಿದ, ಹೋದ.

ಈ ಬರಹವನ್ನು ಅವನು ಓದಿಯಾನು. ಅವನಿಗೂ ನಿಮಗೂ ಒಂದೇ ಮಾತು. ರಮಾಬಾಯಾರ ಬಗ್ಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಇಲ್ಲಿ ಹೇಳಿದ್ದೇನೆ, ಅದೊಂದನ್ನು ಬಿಟ್ಟು.